ಉಪ್ಪುಗಾಳಿಯಲ್ಲಿ ಏಣಿ, ಪ್ಲಾಟ್‌ಫಾರ್ಮ್: ಲೋಹಕ್ಕಿಂತ ಮೊದಲು ಜೋಡಣೆ ನೋಡಿ

ಪ್ರಶ್ನೆ: ಸಮುದ್ರದ ನೀರೆತ್ತುವ ಪಂಪ್‌ಹೌಸ್ ಒಂದರ ನಿರ್ವಹಣೆ ನನ್ನ ಹೊಣೆ. ನೀರು ಒಳಬರುವ ಬಾವಿಯ ಜಾಲರಿ ತೊಳೆಯಲು, ವಾಲ್ವ್ ತಿರುಗಿಸಲು ಒಂದು ಕಬ್ಬಿಣದ ಪ್ಲಾಟ್‌ಫಾರ್ಮ್ ಇದೆ. ಅಲ್ಲಿಂದ ಕೆಳಕ್ಕೆ ಎಂಟು ಮೀಟರಿನ ಏಣಿ. ವರ್ಷವರ್ಷ ಬಣ್ಣ ಹೊಡೆಸಿದರೂ ಐದು ವರ್ಷದಲ್ಲಿ ತುಕ್ಕು ಹಿಡಿದು ಸಿಪ್ಪೆ ಕೈಗೆ ಬರುತ್ತಿದೆ. ಹೊಸದು ಕಟ್ಟಿಸಬೇಕು. ಫ್ಯಾಬ್ರಿಕೇಟರ್ 304 ಸ್ಟೇನ್‌ಲೆಸ್ ಹಾಕಿದರೆ ಜನ್ಮಕ್ಕೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಗ್ಯಾಲ್ವನೈಸ್ ಮಾಡಿಸಿ, ಅಂದರೆ ಕರಗಿದ ಸತುವಿನಲ್ಲಿ ಅದ್ದಿಸಿ ಎನ್ನುತ್ತಾರೆ, ಮತ್ತೊಬ್ಬರು ಗಾಜಿನ ಎಳೆ ಬೆರೆಸಿದ ಪ್ಲಾಸ್ಟಿಕ್, ಅಂದರೆ ಎಫ್‌ಆರ್‌ಪಿ ಎನ್ನುತ್ತಾರೆ. ಯಾವುದು ಸರಿ? ಹೊಸದು ಬರುವವರೆಗೆ ಹಳೆಯದರ ಮೇಲೆ ಕೆಲಸದವರನ್ನು ಹತ್ತಿಸಬಹುದೇ?

ಉತ್ತರ: ಮೂವರ ಮಾತಿನಲ್ಲೂ ತಕ್ಕಮಟ್ಟಿಗೆ ನಿಜವಿದೆ. ಆದರೆ ಮೂವರೂ ಸಾಮಾನಿನ ಬಗ್ಗೆಯೇ ಮಾತಾಡುತ್ತಿದ್ದಾರೆ, ಹಾಳಾದದ್ದು ಎಲ್ಲಿ ಎಂದು ಯಾರೂ ನೋಡಿದ ಹಾಗಿಲ್ಲ. ಹಳೆಯ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡದೆ, ಪಕ್ಕದ ಗಟ್ಟಿ ಜಾಗದಲ್ಲಿ ನಿಂತು ಅದರ ಅಡಿಗೆ ಟಾರ್ಚ್ ಬಿಟ್ಟು ನೋಡಿ. ಆಂಗಲಿನ ಬಯಲು ಮೈ ಕೆಂಪಾಗಿದ್ದರೂ ಬಹುಶಃ ಇನ್ನೂ ದಪ್ಪವಾಗಿಯೇ ಇರುತ್ತದೆ. ತಿಂದುಹೋಗಿರುವುದು ಬೇರೆ ಕಡೆ: ಎರಡು ಆಂಗಲ್ ಬೆನ್ನಿಗೆ ಬೆನ್ನು ಕೊಟ್ಟ ಸಂದು, ಗ್ರೇಟಿಂಗ್ (ಕಾಲಿಡುವ ಜಾಲಿ ಹಲಗೆ) ಕೂತ ಅಂಚು, ಕಂಬ ಕಾಂಕ್ರೀಟಿಗೆ ಇಳಿಯುವ ಬುಡ, ಬೋಲ್ಟಿನ ತಲೆಯ ಕೆಳಗಿನ ಕುತ್ತಿಗೆ. ಇವೆಲ್ಲ ಬ್ರಷ್ ಹೋಗದ, ತೊಳೆಯಲಾಗದ, ಕಣ್ಣಿಗೆ ಬೀಳದ ಜಾಗಗಳು. ವರ್ಷವರ್ಷ ನೀವು ಹೊಡೆಸಿದ ಬಣ್ಣ ಅಲ್ಲಿಗೆ ಒಮ್ಮೆಯೂ ತಲುಪಿರುವುದಿಲ್ಲ. ಇದೇ ನಕ್ಷೆಯನ್ನು 304ರಲ್ಲಿ ಕಟ್ಟಿಸಿದರೆ ದುಬಾರಿ ಸಾಮಾನಿನಲ್ಲಿ ಅದೇ ಕಥೆ ಮರುಕಳಿಸುತ್ತದೆ. ಅದಕ್ಕೇ ಮೊದಲು ಜೋಡಣೆಯ ವಿಚಾರ ಹೇಳಿ ಆಮೇಲೆ ಲೋಹಕ್ಕೆ ಬರುತ್ತೇನೆ.

ಉಪ್ಪಿನ ಒಂದು ಗುಣ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಸೋಡಿಯಂ ಕ್ಲೋರೈಡ್, ಅಂದರೆ ನಾವು ತಿನ್ನುವ ಉಪ್ಪು, ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ತಾನೇ ನೀರು ಹೀರಿಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ, ಅದಕ್ಕೆ ಶೇಕಡಾ 33ರ ಆಸುಪಾಸು ಸಾಕು. ಕಡಲಂಚಿನ ಗಾಳಿ ಅದಕ್ಕಿಂತ ಒಣಗುವುದು ಅಪರೂಪ. ಹಾಗಾಗಿ ಉಪ್ಪು ಕೂತ ಲೋಹ ನೋಡಲು ಒಣಗಿದಂತಿದ್ದರೂ ಅದರ ಮೈಮೇಲೆ ಉಪ್ಪುನೀರಿನ ತೆಳು ಪೊರೆ ಇದ್ದೇ ಇರುತ್ತದೆ. ಮಳೆ ಬಿದ್ದರೆ ಲೋಹಕ್ಕೆ ಒಳ್ಳೆಯದೇ, ಉಪ್ಪು ತೊಳೆದುಹೋಗುತ್ತದೆ. ಮಳೆ ತಾಗದ ಅಡಿಮೈಯಲ್ಲಿ ಮಾತ್ರ ಉಪ್ಪು ಪದರ ಪದರವಾಗಿ ಸೇರುತ್ತಾ ಹೋಗುತ್ತದೆ. ಪ್ಲಾಟ್‌ಫಾರ್ಮಿನ ಮೇಲ್ಭಾಗ ನೋಡಿ "ಪರವಾಗಿಲ್ಲ, ಚೆನ್ನಾಗಿದೆ" ಎಂದು ವರದಿ ಬರೆಯುವವರು ಮೋಸಹೋಗುವುದು ಇಲ್ಲೇ.

ಗಾಳಿಯ ಉಗ್ರತೆಯನ್ನು ಐಎಸ್‌ಒ 9223 ಮಾನಕ ಸೌಮ್ಯವಾದ ಸಿ1ರಿಂದ ಉಗ್ರವಾದ ಸಿ5, ಅದರ ಮೇಲೆ ಸಿಎಕ್ಸ್ ಎಂದು ಆರು ದರ್ಜೆಯಾಗಿ ಹಂಚುತ್ತದೆ. ಸಿ5ರಲ್ಲಿ ಬರಿಯ ಉಕ್ಕು ಮೊದಲ ವರ್ಷ 80ರಿಂದ 200 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ಸವೆಯುತ್ತದೆ, ಸಿಎಕ್ಸ್‌ನಲ್ಲಿ 200ರಿಂದ 700. ಇದು ಒಂದು ಮೈಯ ಲೆಕ್ಕ. ತೆಳು ಪಟ್ಟಿಗೆ ಎರಡೂ ಮೈ ಇವೆ ಎನ್ನುವುದನ್ನು ಮರೆಯಬಾರದು. ಉಬ್ಬರದ ಗೆರೆಯ ಮೇಲೆ ಅಲೆ ಸಿಡಿಯುವ ಪಟ್ಟಿ ಇದಕ್ಕಿಂತಲೂ ಕೆಟ್ಟದ್ದು. ಅಲ್ಲಿ ಸದಾ ನೀರು, ಸದಾ ಆಮ್ಲಜನಕ, ಸಾಲದ್ದಕ್ಕೆ ಕೂತ ತುಕ್ಕನ್ನೂ ಅಲೆ ಕಿತ್ತು ಹೊಸ ಲೋಹ ಬಯಲು ಮಾಡುತ್ತದೆ. ನಿಮ್ಮ ಎಂಟು ಮೀಟರಿನ ಏಣಿಯ ತಲೆ ಉಪ್ಪುಗಾಳಿಯಲ್ಲಿ, ಸೊಂಟ ಸಿಡಿಯುವ ನೀರಿನಲ್ಲಿ, ಕಾಲು ಉಬ್ಬರ ಇಳಿತದಲ್ಲಿ ಇದೆ. ಮೂರಕ್ಕೂ ಒಂದೇ ಆಯುಷ್ಯ ನಿರೀಕ್ಷಿಸುವುದು ತಪ್ಪು. ಕೆಳಗಿನ ತುಂಡನ್ನು ಪ್ರತ್ಯೇಕವಾಗಿ ಮಾಡಿಸಿ ಬೋಲ್ಟಿನಿಂದ ಜೋಡಿಸಿ. ಅದು ಹೋದಾಗ ಅದನ್ನಷ್ಟೇ ಬಿಚ್ಚಿ ಬದಲಿಸುವ ಹಾಗಿರಲಿ.

ಇನ್ನೂ ಹಿಂದಕ್ಕೆ ಹೋಗಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕೆಳಗೆ ಇಳಿಯಲೇಬೇಕೇ? ಜಾಲರಿಯನ್ನು ಗೈಡ್ ಚಾನೆಲ್‌ಗಳ ನಡುವೆ ಕೂರಿಸಿ ಮೇಲಿಂದಲೇ ಹಾಯ್ಸ್ಟ್‌ನಿಂದ ಎತ್ತುವಂತೆ ಮಾಡಬಹುದು. ವಾಲ್ವಿಗೆ ಉದ್ದನೆಯ ಸ್ಪಿಂಡಲ್ ಕೊಟ್ಟು ಮೇಲಿನ ಚಪ್ಪಡಿಯಿಂದಲೇ ತಿರುಗಿಸಬಹುದು. ಬೇರಿಂಗಿನ ಗ್ರೀಸ್ ನಿಪ್ಪಲನ್ನು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ತರಬಹುದು. ವಾರಕ್ಕೊಮ್ಮೆ ಇಳಿಯುತ್ತಿದ್ದವರು ವರ್ಷಕ್ಕೊಮ್ಮೆ ಇಳಿದರೆ ಸಾಕು ಎಂದಾದರೆ ಅದರಷ್ಟು ದೊಡ್ಡ ಸುರಕ್ಷತೆ ಯಾವ ಕಟಕಟೆಯೂ ಕೊಡದು. ಇನ್ನೊಂದು ಮಾತು: ಕಡಲ ನೀರಿನ ಬಾವಿಯಲ್ಲಿ ಚಿಪ್ಪುಜೀವಿಗಳು, ಪಾಚಿ ಸತ್ತು ಕೊಳೆತಾಗ ಆಮ್ಲಜನಕ ಕಡಿಮೆಯಾಗಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಏಣಿ ಎಷ್ಟೇ ಗಟ್ಟಿಯಿರಲಿ, ಗ್ಯಾಸ್ ಮೀಟರ್ ಇಳಿಸಿ ನೋಡದೆ ಮನುಷ್ಯರನ್ನು ಇಳಿಸಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಿಳಿಯುತ್ತದೆ ಎಂದು ಮೂಗನ್ನು ನಂಬಬೇಡಿ, ಆ ಅನಿಲ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ.

ಇನ್ನು ಜೋಡಣೆ. ನಕ್ಷೆ ನಿಮ್ಮ ಮೇಜಿಗೆ ಬಂದಾಗ ಕೆಂಪು ಪೆನ್ನು ಹಿಡಿದು ಮೊದಲು ಹುಡುಕಬೇಕಾದದ್ದು ಬೆನ್ನಿಗೆ ಬೆನ್ನು ಕೊಟ್ಟ ಆಂಗಲ್, ಚಾನೆಲ್‌ಗಳನ್ನು. ಆ ಸಂದಿಗೆ ಬಣ್ಣವೂ ಹೋಗದು, ಸತುವೂ ಸರಿಯಾಗಿ ಹೋಗದು, ಉಪ್ಪುನೀರು ಮಾತ್ರ ನಿರಾಯಾಸವಾಗಿ ಹೋಗುತ್ತದೆ. ಒಳಗೆ ಹುಟ್ಟಿದ ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಎರಡೂ ಪಟ್ಟಿಗಳನ್ನು ಬಾಗಿಸಿ ಬೋಲ್ಟನ್ನೇ ಹರಿಯುವಷ್ಟು ಒತ್ತುತ್ತದೆ. ಜೋಡಿ ಆಂಗಲಿನ ಬದಲು ಒಂದೇ ದಪ್ಪ ಆಂಗಲ್, ಇಲ್ಲವೇ ಎಲ್ಲ ಅಂಚೂ ಬೆಸೆದು ಮುಚ್ಚಿದ ಚೌಕ ಟ್ಯೂಬ್ ಹಾಕಿಸಿ. ವೆಲ್ಡಿಂಗ್ ಅಲ್ಲಲ್ಲಿ ತುಂಡು ತುಂಡಾಗಿ ಬೇಡ. ಬಲಕ್ಕೆ ಅಷ್ಟು ಸಾಕು ಎಂದು ಲೆಕ್ಕ ಹೇಳಿದರೂ, ನಡುವೆ ಬಿಟ್ಟ ಖಾಲಿ ಜಾಗವೇ ತುಕ್ಕಿನ ಬಾಗಿಲು. ಸುತ್ತಲೂ ಎಳೆದು ಮುಚ್ಚಬೇಕು.

ಚಾನೆಲನ್ನು ಬಾಯಿ ಮೇಲಾಗಿ ಮಲಗಿಸಿದರೆ ಅದು ನೀರಿನ ತೊಟ್ಟಿ, ಆಂಗಲಿನ ನಿಂತ ಕಾಲು ಮೇಲಕ್ಕಿದ್ದರೆ ಕಸದ ತಟ್ಟೆ. ಎರಡನ್ನೂ ತಿರುಗಿಸಿ ಹಾಕಲು ಖರ್ಚು ಒಂದು ಪೈಸೆಯೂ ಹೆಚ್ಚಿಲ್ಲ, ಆದರೂ ಸೈಟಿನಲ್ಲಿ ಹತ್ತರಲ್ಲಿ ಐದಾರು ಕಡೆ ಉಲ್ಟಾ ಕೂತಿರುತ್ತವೆ. ತಿರುಗಿಸಲಾಗದ ಕಡೆ ನೀರಿಳಿಯುವ ತೂತು ಬೇಕು, ಅದೂ ಪಾಚಿ, ಚಿಪ್ಪು ಸೇರಿದರೂ ಮುಚ್ಚಿಹೋಗದಷ್ಟು ದೊಡ್ಡದು. ಹಾಗೆಯೇ ಚೂಪು ಅಂಚು. ಹಸಿ ಬಣ್ಣ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ, ಮಟ್ಟಸ ಜಾಗದಲ್ಲಿ 300 ಮೈಕ್ರಾನ್ ಕೂತರೂ ಅಂಚಿನಲ್ಲಿ ಅದರ ಸಣ್ಣ ಪಾಲೇ ಉಳಿಯುತ್ತದೆ. ಅಂಚನ್ನು ಕನಿಷ್ಠ 2 ಮಿ.ಮೀ. ತ್ರಿಜ್ಯಕ್ಕೆ ಗ್ರೈಂಡ್ ಮಾಡಿಸಿ, ಪ್ರತಿ ಪದರ ಬಣ್ಣಕ್ಕೂ ಮೊದಲು ಅಂಚು, ವೆಲ್ಡ್, ಬೋಲ್ಟಿನ ತೂತುಗಳಿಗೆ ಬ್ರಷ್‌ನಿಂದ ಒಂದು ಪಟ್ಟಿ ಬಣ್ಣ ಎಳೆಸಿ. ಈ ಕೆಲಸ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯದಿದ್ದರೆ ಯಾರೂ ಮಾಡುವುದಿಲ್ಲ.

ಕಟಕಟೆಯ ಕಂಬದ ಬುಡ ನಾನು ಕಂಡ ಮಟ್ಟಿಗೆ ಅತ್ಯಂತ ಮೋಸದ ಜಾಗ. ಪೈಪನ್ನು ಕಾಂಕ್ರೀಟಿನ ಗುಳಿಯಲ್ಲಿ ಇಳಿಸಿ ಗ್ರೌಟ್ (ತೆಳು ಸಿಮೆಂಟ್ ಗಾರೆ) ಸುರಿಯುವುದು ರೂಢಿ. ಕಾಲಕ್ರಮೇಣ ಪೈಪು ಮತ್ತು ಗ್ರೌಟಿನ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಉಪ್ಪುನೀರು ಅಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಪೈಪು ಮಾತ್ರ ನೆಲಮಟ್ಟದಲ್ಲಿ ಸುತ್ತಲೂ ಕಾಗದದಷ್ಟು ತೆಳುವಾಗಿರುತ್ತದೆ. ಒರಗಿದವರು ಕಟಕಟೆಯ ಸಮೇತ ಕೆಳಗೆ. ಇದರ ಬದಲು ಬೇಸ್ ಪ್ಲೇಟ್ ಕೊಟ್ಟು, ಅದನ್ನು ನೆಲದಿಂದ ಎತ್ತರಿಸಿದ ಸಣ್ಣ ಗ್ರೌಟ್ ಪೀಠದ ಮೇಲೆ ಕೂರಿಸಿ, ಪೀಠದ ಅಂಚು ಹೊರಕ್ಕೆ ಇಳಿಜಾರಾಗಿರಲಿ. ನೆಲದ ಮೇಲೆ ಜಾಗ ಇಲ್ಲದಿದ್ದರೆ ಚಪ್ಪಡಿಯ ಬದಿಗೆ ಕೂರಿಸಿ. ಟೊಳ್ಳು ಕಂಬದ ತಲೆಗೆ ಪ್ಲಾಸ್ಟಿಕ್ ಮುಚ್ಚಳ ಸಾಲದು, ಬೆಸೆದ ಮುಚ್ಚಳವೇ ಬೇಕು. ಗ್ಯಾಲ್ವನೈಸ್ ಮಾಡಿಸುವುದಾದರೆ ಮಾತ್ರ ಪೂರ್ತಿ ಮುಚ್ಚಿದ ಪೈಪ್ ಕಳಿಸಲೇಬಾರದು. ಸುಮಾರು 450 ಡಿಗ್ರಿಯ ಸತುವಿನ ತೊಟ್ಟಿಯಲ್ಲಿ ಒಳಗಿನ ತೇವ ಆವಿಯಾಗಿ ಪೈಪ್ ಸಿಡಿಯುತ್ತದೆ. ಗಾಳಿ ಹೋಗುವ ತೂತು ಬಿಟ್ಟು, ಅದ್ದಿ ತೆಗೆದ ಮೇಲೆ ಬಿರಡೆ ಹಾಕಿ ಮುಚ್ಚುವುದು ಕ್ರಮ.

ಈಗ ಸಾಮಾನು. ಗ್ಯಾಲ್ವನೈಸಿಂಗ್ ಬಗ್ಗೆ ಲೆಕ್ಕ ಸರಳ. 6 ಮಿ.ಮೀ. ಮೀರಿದ ಉಕ್ಕಿನ ಮೇಲೆ ಐಎಸ್‌ಒ 1461 ಪ್ರಕಾರ ಸರಾಸರಿ ಕನಿಷ್ಠ 85 ಮೈಕ್ರಾನ್ ಸತು ಕೂರಬೇಕು. ಸಿ5ರಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ, ಅಂದರೆ ಹತ್ತರಿಂದ ಇಪ್ಪತ್ತು ವರ್ಷ. ಸಿಎಕ್ಸ್‌ನಲ್ಲಿ 25ರವರೆಗೂ ಹೋಗುತ್ತದೆ, ಆಗ ಮೂರೂವರೆ ವರ್ಷವೂ ಬಾಳುವ ಖಾತ್ರಿಯಿಲ್ಲ. ಪ್ಲಾಟ್‌ಫಾರ್ಮಿನ ತೊಲೆಗಳಿಗೆ ಗ್ಯಾಲ್ವನೈಸ್ ಮಾಡಿ ಅದರ ಮೇಲೆ ಎಪಾಕ್ಸಿ, ಪಾಲಿಯುರೆಥೇನ್ ಕೊಡಿಸಿದರೆ ಎರಡೂ ಒಂದಕ್ಕೊಂದು ಕಾವಲು ನಿಂತು, ಎರಡರ ಆಯುಷ್ಯ ಕೂಡಿಸಿದ್ದಕ್ಕಿಂತ ಹೆಚ್ಚು ಬಾಳುತ್ತವೆ. ಷರತ್ತು ಒಂದೇ: ಕತ್ತರಿಸುವುದು, ತೂತು ಕೊರೆಯುವುದು, ಬೆಸೆಯುವುದು ಎಲ್ಲ ಅದ್ದುವ ಮೊದಲೇ ಮುಗಿದಿರಬೇಕು. ಸೈಟಿನಲ್ಲಿ "ಸ್ವಲ್ಪ ಹೊಂದುತ್ತಿಲ್ಲ ಸಾರ್" ಎಂದು ಗ್ರೈಂಡರ್ ತೆಗೆದರೆ ಆ ಗಾಯಕ್ಕೆ ಬೆಳ್ಳಿ ಬಣ್ಣ ಬಳಿದು ಏನೂ ಆಗದು. ಅದಕ್ಕೇ ಅಳತೆ ತೆಗೆಯುವ ಕೆಲಸಕ್ಕೆ ಧಾರಾಳವಾಗಿ ಸಮಯ ಕೊಡಿ, ಬೋಲ್ಟಿನ ತೂತುಗಳನ್ನು ಉದ್ದನೆಯ ಸ್ಲಾಟ್ ಮಾಡಿಸಿ.

304 ಬಗ್ಗೆ ನನ್ನ ಉತ್ತರ: ಬೇಡ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ, ಅದನ್ನು ತೂತು ಮಾಡುವುದೇ ಕ್ಲೋರೈಡಿನ ಕಸುಬು. 304ರಲ್ಲಿ ಮಾಲಿಬ್ಡಿನಂ ಇಲ್ಲ. 316ರಲ್ಲಿ ಶೇಕಡಾ 2ರಿಂದ 3 ಇದೆ, ಅಷ್ಟರಿಂದಲೇ ಕಡಲ ಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಬೆಸೆಯುವ ಕೆಲಸಕ್ಕೆ 316ಎಲ್ ತೆಗೆದುಕೊಳ್ಳಿ. ಅಲೆ ಸಿಡಿಯುವ ಪಟ್ಟಿಯಲ್ಲಿ 316 ಕೂಡ ಸಂದುಗಳಲ್ಲಿ ಸೋಲುತ್ತದೆ, ಅಲ್ಲಿಗೆ ಶೇಕಡಾ 22 ಕ್ರೋಮಿಯಂ, 3 ಮಾಲಿಬ್ಡಿನಂ ಇರುವ 2205 ಡ್ಯೂಪ್ಲೆಕ್ಸ್ ಕೇಳಿ. ಹಾಗೆಂದು 304 ಎಲ್ಲ ಕಡೆಯೂ ನಿಷ್ಪ್ರಯೋಜಕವಲ್ಲ. ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನಲ್ಲಿ 1937ರಿಂದ 1941ರ ನಡುವೆ ಕಟ್ಟಿದ ಉದ್ದನೆಯ ಕಡಲ ಸೇತುವೆಯ ಕಾಂಕ್ರೀಟಿನೊಳಗೆ ಇದೇ ದರ್ಜೆಯ ಸರಳು ಹಾಕಿದ್ದರು. ಅದು ದಶಕಗಳ ಕಾಲ ಕೆಲಸಕ್ಕೆ ನಿಂತಿತು, ಪಕ್ಕದಲ್ಲೇ ಆಮೇಲೆ ಸಾಮಾನ್ಯ ಸರಳಿನಲ್ಲಿ ಕಟ್ಟಿದ ಸೇತುವೆ ತುಕ್ಕಿನಿಂದ ಕುಸಿದು ಹೋಯಿತು. ಕಾಂಕ್ರೀಟಿನ ಕ್ಷಾರದೊಳಗೆ ಹುದುಗಿದ ಸರಳು ಬೇರೆ, ಬಯಲಲ್ಲಿ ಉಪ್ಪು ತಿನ್ನುತ್ತಾ ನಿಂತ ಏಣಿ ಬೇರೆ.

ಸ್ಟೇನ್‌ಲೆಸ್ ಹಾಳಾಗುವುದು ಬಹುಮಟ್ಟಿಗೆ ಫ್ಯಾಬ್ರಿಕೇಷನ್ ಶೆಡ್ಡಿನಲ್ಲೇ. ಸಾದಾ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಡಿಸ್ಕಿನಲ್ಲೇ ಇದನ್ನೂ ಉಜ್ಜಿದರೆ ಕಬ್ಬಿಣದ ಕಣ ಮೈಯಲ್ಲಿ ನಾಟಿಕೊಂಡು ತಿಂಗಳೊಳಗೆ ಕಂದು ಚುಕ್ಕೆ ಏಳುತ್ತದೆ. ವೆಲ್ಡಿನ ಪಕ್ಕ ನೀಲಿ, ಕಂದು ಬಣ್ಣದ ಪಟ್ಟಿ ಕಾಣುತ್ತದಲ್ಲ, ಅಲ್ಲಿ ಆ ಕಾಯುವ ಪೊರೆಯೇ ಕೆಟ್ಟಿರುತ್ತದೆ. ಆಮ್ಲದಿಂದ ಪಿಕ್ಲಿಂಗ್ ಮಾಡಿ ಅದನ್ನು ತೆಗೆಸದೆ ಮಾಲು ಒಳಗೆ ಬಿಟ್ಟುಕೊಳ್ಳಬೇಡಿ. ಮೈ ನುಣುಪಾಗಿದ್ದಷ್ಟೂ ಉಪ್ಪು ಕಡಿಮೆ ಹಿಡಿಯುತ್ತದೆ. ಒರಟಾಗಿ ಉಜ್ಜಿ ಅಡ್ಡಗೆರೆ ಬಿಟ್ಟ ಪೈಪಿಗಿಂತ ನುಣುಪು ಪೈಪು ಎಷ್ಟೋ ಮೇಲು.

ಸ್ಟೇನ್‌ಲೆಸ್ ನೇತಾಡುವ ಭಾರ ಹೊತ್ತಿರುವ ಕಡೆ ಇನ್ನೊಂದು ಎಚ್ಚರಿಕೆ. 1985ರಲ್ಲಿ ಸ್ವಿಟ್ಜರ್ಲೆಂಡಿನ ಉಸ್ಟರ್ ಪಟ್ಟಣದ ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಮಾಡು ಕುಸಿದು 12 ಜನ ಸತ್ತರು. ಅದನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸರಳುಗಳು ಕ್ಲೋರೈಡ್ ಮತ್ತು ಎಳೆತ ಎರಡರ ನಡುವೆ ಸಿಕ್ಕಿ ಒಳಗೊಳಗೇ ಬಿರುಕು ಬಿಟ್ಟಿದ್ದವು. ಈಜುಕೊಳದ ಗಾಳಿ ಕಡಲ ಗಾಳಿಯಲ್ಲ, ಅದು ವಿಶೇಷ ಸನ್ನಿವೇಶ. ಆದರೂ ಮುಚ್ಚಿದ, ಮಳೆ ತಾಗದ, ಬೆಚ್ಚನೆಯ ಜಾಗದಲ್ಲಿ ಒಂದೇ ಸರಳಿನಿಂದ ಪ್ಲಾಟ್‌ಫಾರ್ಮ್ ತೂಗುಹಾಕುವ ನಕ್ಷೆ ಬಂದರೆ ನಾನು ಸಹಿ ಹಾಕುವುದಿಲ್ಲ. ಒಂದು ಹೋದರೆ ಇನ್ನೊಂದು ಹಿಡಿಯುವ ಹಾಗಿರಬೇಕು.

ಎಫ್‌ಆರ್‌ಪಿಗೆ ತುಕ್ಕೇ ಇಲ್ಲ, ತೂಕ ಉಕ್ಕಿನ ಕಾಲು ಭಾಗ, ನಾಲ್ಕು ಜನ ಎತ್ತಿ ಕೂರಿಸಬಹುದು. ನಿಮ್ಮ ನೆಲ, ಕಟಕಟೆಗೆ ನನ್ನ ಮತ ಇದಕ್ಕೇ. ಆದರೆ ಇದು ಉಕ್ಕಿನ ಹಾಗೆ ವರ್ತಿಸುವುದಿಲ್ಲ. ಬಿಗಿತ ಉಕ್ಕಿನ ಹತ್ತನೇ ಒಂದು ಪಾಲಿನ ಆಸುಪಾಸು, ಹಾಗಾಗಿ ಮುರಿಯುವುದಕ್ಕೆ ಬಹಳ ಮೊದಲೇ ತೂಗಾಡುತ್ತದೆ. ಉಕ್ಕಿನ ತೊಲೆಯ ಅಳತೆಯನ್ನೇ ಎಫ್‌ಆರ್‌ಪಿಯಲ್ಲಿ ಕೊಟ್ಟರೆ ಕಾಲಿಟ್ಟವರು ಹೆದರಿ ವಾಪಸ್ ಬರುತ್ತಾರೆ. ಭಾರ ಮೀರಿದರೆ ಉಕ್ಕು ಬಾಗಿ ಸೂಚನೆ ಕೊಡುತ್ತದೆ, ಇದು ಫಟ್ಟನೆ ಸೀಳುತ್ತದೆ. ಸೈಟಿನಲ್ಲಿ ಕತ್ತರಿಸಿದ ಪ್ರತಿ ತುದಿಗೂ, ಕೊರೆದ ಪ್ರತಿ ತೂತಿಗೂ ರೆಸಿನ್ ಹಚ್ಚಬೇಕು, ಇಲ್ಲದಿದ್ದರೆ ಗಾಜಿನ ಎಳೆಗಳ ಗುಂಟ ನೀರು ಒಳಗೆ ಹೋಗುತ್ತದೆ. ಬೋಲ್ಟನ್ನು ಉಕ್ಕಿಗೆ ಬಿಗಿದಂತೆ ಬಿಗಿದರೆ ಪ್ರೊಫೈಲ್ ನಜ್ಜುಗುಜ್ಜಾಗುತ್ತದೆ, ದೊಡ್ಡ ವಾಷರ್ ಹಾಕಿ ಹೇಳಿದ ಟಾರ್ಕಿಗಷ್ಟೇ ನಿಲ್ಲಿಸಿ. ವೈನಿಲ್ ಎಸ್ಟರ್ ರೆಸಿನ್, ಯುವಿ ತಡೆ, ಮೇಲೆ ಸರ್ಫೇಸ್ ವೇಲ್ (ಗಾಜಿನ ಎಳೆ ಹೊರಬರದಂತೆ ಮುಚ್ಚುವ ತೆಳು ಪದರ) ಈ ಮೂರನ್ನೂ ಆರ್ಡರಿನಲ್ಲಿ ಬರೆಯಿರಿ. ಬಿಸಿಲಿಗೆ ಮೇಲ್ಪದರ ಸವೆದು ಗಾಜಿನ ಎಳೆ ಹೊರಬಂದ ಕಟಕಟೆ ಹಿಡಿದವರ ಅಂಗೈ ತುಂಬಾ ಮುಳ್ಳು. ಹತ್ತಿರದಲ್ಲಿ ವೆಲ್ಡಿಂಗ್ ನಡೆಯುವ, ಬೆಂಕಿಯ ಅಪಾಯವಿರುವ ಕಡೆ ಬೆಂಕಿ ತಡೆಯುವ ದರ್ಜೆ ಬೇರೆಯಾಗಿ ಕೇಳಬೇಕು.

ಎಫ್‌ಆರ್‌ಪಿ ಗ್ರೇಟಿಂಗಿನಲ್ಲಿ ಎರಡು ಬಗೆ. ಅಚ್ಚಿನಲ್ಲಿ ಎರಕ ಹೊಯ್ದದ್ದು ಎರಡೂ ದಿಕ್ಕಿಗೆ ಭಾರ ಹೊರುತ್ತದೆ, ನಡುವೆ ಪೈಪಿಗೆಂದು ತೂತು ಕತ್ತರಿಸಿದರೂ ಸಹಿಸುತ್ತದೆ. ಎಳೆದು ಮಾಡಿದ ಪಟ್ಟಿಗಳದ್ದು ಒಂದೇ ದಿಕ್ಕಿಗೆ. ಚೌಕವಾಗಿ ಕಾಣುವ ಒಂದು ಹಲಗೆಯನ್ನು ತಿರುಗಿಸಿ ಕೂರಿಸಿಬಿಟ್ಟರೆ ಪಟ್ಟಿಗಳಿಗೆ ಆಧಾರವೇ ಇಲ್ಲ, ನೋಡಿದವರಿಗೆ ವ್ಯತ್ಯಾಸವೂ ತಿಳಿಯದು. ಪ್ರತಿ ಹಲಗೆಯ ಮೇಲೂ ಬಾಣದ ಗುರುತು, ನಂಬರು ಹಾಕಿಸಿ.

ಗ್ರೇಟಿಂಗನ್ನು ಹಿಡಿದಿಡುವ ಕ್ಲಿಪ್ ಬಗ್ಗೆ ನಿಂತು ಹೇಳಲೇಬೇಕು. ಲಕ್ಷಾಂತರದ ಪ್ಲಾಟ್‌ಫಾರ್ಮಿನಲ್ಲಿ ಅತ್ಯಂತ ಅಗ್ಗದ ವಸ್ತು ಅದು, ಮನುಷ್ಯ ಬೀಳುವುದೂ ಅದರಿಂದಲೇ. ಅದು ನಡೆಯುವ ಕ್ರಮ ಹೀಗೆ: ಸಾದಾ ಕಬ್ಬಿಣದ ಕ್ಲಿಪ್ ಎರಡೇ ವರ್ಷದಲ್ಲಿ ತುಕ್ಕು ತಿಂದು ಉದುರುತ್ತದೆ. ಗ್ರೇಟಿಂಗ್ ತನ್ನ ಭಾರಕ್ಕೇ ಕೂತಿರುವುದರಿಂದ ಯಾರಿಗೂ ಗೊತ್ತಾಗದು. ನಡೆದಾಡುವಾಗ ದಿನಕ್ಕೆ ಕೂದಲೆಳೆಯಷ್ಟು ಸರಿಯುತ್ತದೆ, ಇಲ್ಲವೇ ದೊಡ್ಡ ಅಲೆಯೊಂದು ಅಡಿಯಿಂದ ಬಡಿದು ಎತ್ತಿ ಓರೆಯಾಗಿ ಕೂರಿಸುತ್ತದೆ. ಒಂದು ಕಡೆ ತೊಲೆಯ ಮೇಲೆ ಬೆರಳಿನ ಅಗಲವೂ ಆಸರೆ ಉಳಿದಿರುವುದಿಲ್ಲ. ಮುಂದಿನ ಹೆಜ್ಜೆಗೆ ಹಲಗೆ ಮಗುಚುತ್ತದೆ. ಕ್ಲಿಪ್, ಅದರ ಬೋಲ್ಟ್ ಎರಡೂ 316 ಆಗಿರಲಿ, ಪ್ರತಿ ಹಲಗೆಗೆ ಕನಿಷ್ಠ ನಾಲ್ಕು ಇರಲಿ, ಅಲೆ ತಾಗುವ ಕಡೆ ತೊಲೆಗೆ ತೂತು ಕೊರೆದು ಬೋಲ್ಟ್ ಮಾಡಿದ ಬಗೆಯೇ ಇರಲಿ. ತೊಲೆಯ ಮೇಲೆ ಸಣ್ಣ ತಡೆಪಟ್ಟಿ ಬೆಸೆದರೆ ಕ್ಲಿಪ್ ಹೋದರೂ ಹಲಗೆ ಸರಿಯದು. ತೂತಿಲ್ಲದ, ಉಬ್ಬುಗೆರೆಯ ಚೆಕ್ಕರ್ ಪ್ಲೇಟ್ ಮಾತ್ರ ಇಂಥ ಜಾಗಕ್ಕೆ ತರಲೇಬೇಡಿ. ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಅಡಿಯಿಂದ ಬಂದ ಅಲೆಗೆ ಪೂರ್ತಿ ಮೈ ಒಡ್ಡುತ್ತದೆ.

ಎರಡು ಲೋಹ ಉಪ್ಪುನೀರಿನಲ್ಲಿ ಮುಟ್ಟಿಕೊಂಡರೆ ಕೀಳು ಲೋಹ ಕರಗುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಗಮನಿಸಬೇಕಾದದ್ದು ಗಾತ್ರ. ದೊಡ್ಡ ಗ್ಯಾಲ್ವನೈಸ್ ತೊಲೆಯಲ್ಲಿ ಸಣ್ಣ ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಅಷ್ಟೇನೂ ತೊಂದರೆಯಿಲ್ಲ. ದೊಡ್ಡ ಸ್ಟೇನ್‌ಲೆಸ್ ಪ್ಲೇಟಿನಲ್ಲಿ ಸಣ್ಣ ಗ್ಯಾಲ್ವನೈಸ್ ಬೋಲ್ಟ್ ಇದ್ದರೆ ಆ ಬೋಲ್ಟು ಬೇಗನೆ ಹೋಗುತ್ತದೆ. ಎರಡು ಸಂದರ್ಭದಲ್ಲೂ ನೈಲಾನ್ ಬುಷ್, ವಾಷರ್ ಹಾಕಿ ಬೇರ್ಪಡಿಸುವುದು ಕ್ಷೇಮ. ಅಲ್ಯೂಮಿನಿಯಂ ಏಣಿ ಹಾಕುವುದಾದರೆ ಅದರ ಪಾದ ಹಸಿ ಕಾಂಕ್ರೀಟಿಗೆ ನೇರ ತಾಗಬಾರದು, ಕ್ಷಾರ ತಿನ್ನುತ್ತದೆ. ಸ್ಟೇನ್‌ಲೆಸ್ ನಟ್ ಬೋಲ್ಟಿಗೆ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚದೆ ಬಿಗಿದರೆ ತಿರುಪಿನ ಎಳೆಗಳು ಕಚ್ಚಿಕೊಂಡು, ಬಿಚ್ಚುವ ದಿನ ಕತ್ತರಿಸಬೇಕಾಗುತ್ತದೆ.

ಬಣ್ಣದ ಕೆಲಸದಲ್ಲಿ ಡಬ್ಬಿಯ ಮೇಲಿನ ಹೆಸರಿಗಿಂತ ಮೈ ತಯಾರಿ ಮುಖ್ಯ. ಎಸ್‌ಎ 2½ ಮಟ್ಟಕ್ಕೆ, ಅಂದರೆ ತುಕ್ಕು, ಹಳೆ ಬಣ್ಣ ಹೋಗಿ ಲೋಹ ಹೆಚ್ಚುಕಡಿಮೆ ಬೆಳ್ಳಗೆ ಕಾಣುವಷ್ಟು, ಕಣ ಊದಿ ಬ್ಲಾಸ್ಟಿಂಗ್ ಆಗಬೇಕು. ಬ್ಲಾಸ್ಟ್ ಆದ ಮೇಲೂ ಕಣ್ಣಿಗೆ ಕಾಣದ ಉಪ್ಪು ಉಳಿದಿರುತ್ತದೆ, ಅದನ್ನು ಬ್ರೆಸ್ಲೆ ಪರೀಕ್ಷೆಯಿಂದ ಅಳೆಯಬಹುದು. ಹಡಗಿನ ಬ್ಯಾಲಾಸ್ಟ್ ಟ್ಯಾಂಕಿಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 50 ಮಿಲಿಗ್ರಾಂ, ನೀವೂ ಅದನ್ನೇ ಹಿಡಿಯಿರಿ. ಲೋಹದ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಬಿಸಿಗಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಕಡಲಂಚಿನಲ್ಲಿ ಬೆಳಗ್ಗೆ ಬೇಗ ಬಣ್ಣ ಹಚ್ಚುವುದು ಬಹುಪಾಲು ದಂಡ. ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ 1890ರಿಂದ ಮುಗಿಯದ ಬಣ್ಣದ ಕೆಲಸಕ್ಕೆ ಗಾದೆಯಾಗಿತ್ತು. 2011ರಲ್ಲಿ ಮುಗಿದ ಕೆಲಸದಲ್ಲಿ ಹಳೆಯ ಪದರಗಳನ್ನು ಕಿತ್ತು ಗಾಜಿನ ಹಳಕು ಬೆರೆಸಿದ ಎಪಾಕ್ಸಿ ಕೊಟ್ಟ ಮೇಲೆ, ಇನ್ನು 20 ವರ್ಷಕ್ಕೂ ಹೆಚ್ಚು ಮುಟ್ಟಬೇಕಾಗದು ಎಂದು ಲೆಕ್ಕ ಹಾಕಿದರು. ನಿಮ್ಮ ವರ್ಷವರ್ಷದ ಬಣ್ಣ ಹಳೆಯ ತುಕ್ಕಿನ ಮೇಲೆ ಹೊದಿಕೆ ಹಾಸಿದ್ದಷ್ಟೇ.

ಅಳತೆಗಳನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ನಿಮ್ಮಲ್ಲಿ ಜಾರಿಯಲ್ಲಿರುವ ನಿಯಮ ನೋಡಿಕೊಳ್ಳಿ. ನಾನು ಹೇಳುವುದು ಐಎಸ್‌ಒ 14122ರ ಅಳತೆ. ಕಟಕಟೆ 1100 ಮಿ.ಮೀ. ಎತ್ತರ, ನಡುವೆ ಒಂದು ಅಡ್ಡಪಟ್ಟಿ, ಯಾವ ಸಂದೂ 500 ದಾಟಬಾರದು. ಸಾಮಾನು ಉರುಳಿ ಬೀಳದಂತೆ 100 ಮಿ.ಮೀ. ಪಾದಪಟ್ಟಿ. ಅದರಡಿ 10 ಮಿ.ಮೀ. ಸಂದು ಬಿಟ್ಟರೆ ಕಸ, ನೀರು ನಿಲ್ಲದು. ನಡೆಯುವ ದಾರಿ 800 ಅಗಲ ಇದ್ದರೆ ಚೆನ್ನ, 600ಕ್ಕಿಂತ ಕಡಿಮೆ ಮಾಡುವುದು ತೀರಾ ಅನಿವಾರ್ಯವಾದಾಗ ಮಾತ್ರ. ಗ್ರೇಟಿಂಗಿನ ಕಣ್ಣಿನಲ್ಲಿ 35 ಮಿ.ಮೀ. ಗುಂಡು ತೂರಬಾರದು, ಕೆಳಗೆ ಜನ ಕೆಲಸ ಮಾಡುವ ಕಡೆ 20 ಮಿ.ಮೀ. ಏಣಿಯ ಮೆಟ್ಟಿಲುಗಳ ಅಂತರ 225ರಿಂದ 300, ಹಿಂದೆ ಗೋಡೆಗೆ 200. ಇಕ್ಕಟ್ಟಾದರೆ ಪಾದದ ತುದಿಯಷ್ಟೇ ಊರುತ್ತದೆ, ಒದ್ದೆ ಬೂಟು ಜಾರಲು ಅದೇ ಸಾಕು.

ಜಾಗವಿದ್ದರೆ ಏಣಿಯ ಬದಲು ಮೆಟ್ಟಿಲು ಕೇಳಿ. ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಏಣಿ ಇಳಿಯುವುದು ಯಾರಿಗೂ ಸುರಕ್ಷಿತವಲ್ಲ, ಸಾಮಾನಿಗೆ ಪ್ರತ್ಯೇಕ ಹಗ್ಗ, ಚೀಲ ಬೇಕು. ಏಣಿಯೇ ಗತಿ ಎಂದಾದರೆ ಸುತ್ತ ಬಳೆಗಳ ಪಂಜರ ಹಾಕಿ ನಿಶ್ಚಿಂತರಾಗಬೇಡಿ. ಅಮೆರಿಕದ ಕೆಲಸದ ಸುರಕ್ಷತಾ ಇಲಾಖೆ ಓಶಾದ ನಿಯಮದ ಪ್ರಕಾರ 2018ರ ನವೆಂಬರ್ ನಂತರ ನಿಲ್ಲಿಸಿದ 24 ಅಡಿ ಮೀರಿದ ಏಣಿಗೆ ಪಂಜರವನ್ನು ಬೀಳುವಿಕೆಯ ರಕ್ಷಣೆ ಎಂದು ಒಪ್ಪುವುದಿಲ್ಲ. ನಿಮ್ಮ ಎಂಟು ಮೀಟರ್ ಆ ಮಿತಿಯ ಆಚೆಗೇ ಬರುತ್ತದೆ. ಮಧ್ಯೆ ಗಟ್ಟಿ ರೈಲು, ಅದರಲ್ಲಿ ಜಾರಿ ಕಚ್ಚಿಕೊಳ್ಳುವ ಸ್ಲೈಡರ್, ಅದಕ್ಕೆ ಹಾರ್ನೆಸ್ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ) ಇರಲಿ. ಕಡಲಂಚಿನಲ್ಲಿ ತಂತಿಹಗ್ಗದ ಬಗೆ ನನಗೆ ಇಷ್ಟವಿಲ್ಲ, ಎಳೆಗಳ ಒಳಗಿನ ತುಕ್ಕು ಕಾಣುವುದಿಲ್ಲ. ಏಣಿ ಮೇಲೆ ಸೇರುವ ಕಡೆ ತಾನೇ ಮುಚ್ಚಿಕೊಳ್ಳುವ ಗೇಟ್ ಹಾಕಿ. ಸರಪಳಿ ಹಾಕಿದರೆ ಎರಡನೇ ದಿನದಿಂದ ಅದು ಪಕ್ಕಕ್ಕೆ ನೇತಾಡುತ್ತಿರುತ್ತದೆ. ಗೇಟಿನ ಸ್ಪ್ರಿಂಗ್ ಉಪ್ಪಿಗೆ ಬೇಗ ಹೋಗುವುದರಿಂದ ತನ್ನ ಭಾರಕ್ಕೇ ಮುಚ್ಚುವ ಓರೆ ಕೀಲು ಉತ್ತಮ. ಹಾರ್ನೆಸ್ಸಿನಲ್ಲಿ ನೇತಾಡುವವರನ್ನು ನಿಮಿಷಗಳಲ್ಲಿ ಕೆಳಗಿಳಿಸುವವರು ಯಾರು, ಯಾವ ಸಾಧನದಿಂದ ಎಂಬುದನ್ನೂ ಮೊದಲೇ ಗೊತ್ತುಮಾಡಿ.

ಎಲ್ಲವನ್ನೂ ಗೋಡೆಗೆ ಹಿಡಿಯುವುದು ಆಂಕರ್ ಬೋಲ್ಟ್. ಕೊರೆದ ತೂತಿನ ಧೂಳು ಬ್ರಷ್ ಹಾಕಿ, ಗಾಳಿ ಊದಿ ತೆಗೆಯದಿದ್ದರೆ, ರೆಸಿನ್ ತುಂಬಿ ಅಂಟಿಸುವ ಕೆಮಿಕಲ್ ಆಂಕರ್ ಧೂಳಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ. ಹಳೆಯ ಗೋಡೆಯ ಕಾಂಕ್ರೀಟಿನೊಳಗೆ ಕ್ಲೋರೈಡ್ ಹೊಕ್ಕು ಸರಳು ಉಬ್ಬಿದ್ದರೆ, ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಅಂಥ ಕಡೆ ಎಷ್ಟು ದುಬಾರಿ ಬೋಲ್ಟ್ ಹಾಕಿದರೂ ವ್ಯರ್ಥ, ಮೊದಲು ಗೋಡೆ ದುರಸ್ತಿ. ಹೊಸ ಆಂಕರ್‌ಗಳಲ್ಲಿ ಕೆಲವನ್ನಾದರೂ ಎಳೆದು ಪರೀಕ್ಷಿಸಿ ದಾಖಲೆ ಇಟ್ಟುಕೊಳ್ಳಿ.

ಒಟ್ಟಿನಲ್ಲಿ ನಿಮಗೆ ನನ್ನ ಶಿಫಾರಸು ಇದು: ಮೇಲಿನ ಪ್ಲಾಟ್‌ಫಾರ್ಮಿನ ತೊಲೆ ಗ್ಯಾಲ್ವನೈಸ್ ಜೊತೆಗೆ ಎಪಾಕ್ಸಿ, ನೆಲಕ್ಕೆ ಮರಳು ಹತ್ತಿಸಿದ ಅಚ್ಚಿನ ಎಫ್‌ಆರ್‌ಪಿ ಗ್ರೇಟಿಂಗ್, ಎಫ್‌ಆರ್‌ಪಿ ಕಟಕಟೆ, ಏಣಿಯ ಮೇಲ್ಭಾಗ 316ಎಲ್, ಬಿಚ್ಚಬಹುದಾದ ಕೆಳತುಂಡು ಹಾಗೂ ಅಲ್ಲಿನ ಆಂಕರ್‌ಗಳು 2205. ನಳದ ಸಿಹಿನೀರಿನ ಒಂದು ಪಾಯಿಂಟ್ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಕೊಡಿ. ನೀರು ಕೈಗೆ ಸಿಕ್ಕರೆ ತಿಂಗಳಿಗೊಮ್ಮೆ ಅಡಿಮೈ ತೊಳೆಯುವ ಕೆಲಸ ನಿಜವಾಗಿಯೂ ನಡೆಯುತ್ತದೆ. ಆರು ತಿಂಗಳಿಗೊಮ್ಮೆ ಕ್ಲಿಪ್, ಬೋಲ್ಟ್, ಕಂಬದ ಬುಡಗಳ ಫೋಟೋ ಒಂದೇ ಕೋನದಿಂದ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ತೊಲೆಗಳ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ, ಗುರುತು ಹಾಕಿಟ್ಟ ಅದೇ ಬಿಂದುಗಳಲ್ಲಿ ಅಳೆಸಿ.

ಕೊನೆಯ ಪ್ರಶ್ನೆಗೆ ಉತ್ತರ: ಹತ್ತಿಸಬಾರದು. ಕೈಗೆ ಸಿಪ್ಪೆ ಬರುವ ಏಣಿ ಇನ್ನೆಷ್ಟು ಭಾರ ಹೊರುತ್ತದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು, "ಒಬ್ಬರೇ ಹೋಗಿ, ಮೆಲ್ಲಗೆ ಹೋಗಿ" ಎಂಬುದು ಲೆಕ್ಕವಲ್ಲ. ಬರಿಯ ಬೋರ್ಡ್ ನೇತುಹಾಕಿದರೆ ಸಾಲದು, ಮೇಲ್ಗಡೆ ದಾರಿಯನ್ನು ಗಟ್ಟಿ ತಡೆ ಹಾಕಿ ಮುಚ್ಚಿ, ಏಣಿಯ ಮೊದಲ ಮೆಟ್ಟಿಲುಗಳಿಗೆ ಹಲಗೆ ಕಟ್ಟಿ ಬೀಗ ಹಾಕಿ. ಜಾಲರಿ ತೊಳೆಯಲೇಬೇಕಾದ ದಿನ ಹಳೆಯದಕ್ಕೆ ಯಾವ ರೀತಿಯಲ್ಲೂ ಆತುಕೊಳ್ಳದ, ಗಟ್ಟಿ ಚಪ್ಪಡಿಯಿಂದ ಎದ್ದ ಸ್ಕ್ಯಾಫೋಲ್ಡಿಂಗ್ ಹಾಕಿಸಿ, ಅಥವಾ ಕ್ರೇನಿನಿಂದ ಜಾಲರಿಯನ್ನೇ ಮೇಲಕ್ಕೆತ್ತಿ. ಹಳೆಯದನ್ನು ಬಿಚ್ಚುವಾಗಲೂ ಅದರ ಮೇಲೆ ನಿಂತು ಕತ್ತರಿಸುವುದು ಬೇಡ. ಪ್ರತಿ ತುಂಡನ್ನೂ ಮೊದಲು ಮೇಲಿಂದ ಕಟ್ಟಿ ಹಿಡಿದು, ಆಮೇಲೆ ಸ್ಕ್ಯಾಫೋಲ್ಡಿಂಗಿನಿಂದ ಕತ್ತರಿಸಿ ಇಳಿಸಬೇಕು.